ಐದನೆಯ ಸಹಿ

ಸೋಮವಾರದ ಸಭೆಯಲ್ಲಿ ಅಧ್ಯಕ್ಷರು ನಮ್ಮ ವಿಷಯಕ್ಕೆ ತಲೆಯಾಡಿಸಿದರೋ ಇಲ್ಲವೋ, ನಾನು ಇವತ್ತಿಗೂ ಗಟ್ಟಿಯಾಗಿ ಹೇಳಲಾರೆ. ನೆನಪಿನಲ್ಲಿ ಅವರು ತಲೆಯಾಡಿಸುತ್ತಾರೆ. ಒಂದೇ ಸಲ, ನಿಧಾನವಾಗಿ, ನನ್ನ ಕಡೆ ನೋಡುತ್ತಾ. ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲಿ ಇರುವುದು ಇಷ್ಟು: ‘ಅಧ್ಯಕ್ಷರು ಎದ್ದರು. ಕುರ್ಚಿಗಳ ಸದ್ದು. ಊಟಕ್ಕೆ ಹೋದರು.’ ನೋಟ್‌ಬುಕ್ಕಿನದು ಸಭೆಯಲ್ಲಿ ಕೂತೇ ಬರೆದದ್ದು. ತಲೆಯಾಡಿಸಿದ್ದು ನೆನಪಾದದ್ದು ಮರುದಿನ, ಅದು ನೆನಪಾದರೆ ನನಗೆ ಅನುಕೂಲವಾಗುವಂತಿದ್ದಾಗ. ಹಾಗಾಗಿ ಆ ದಿನಗಳ ಬಗ್ಗೆ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಊರಿನ ಹೆಸರು ಬೇಡ. ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋಗುವ ಬಸ್ಸಿನಿಂದ ಇಳಿಯಬಹುದಾದ, ಹದಿನೈದು ವಾರ್ಡುಗಳ ಒಂದು ಪಟ್ಟಣ ಪಂಚಾಯ್ತಿ ಎಂದರೆ ಸಾಕು. ಬಸ್ ನಿಲ್ದಾಣದ ಮಳಿಗೆಗಳನ್ನು ಹರಾಜು ಹಾಕಿ ಬಂದ ಹಣವನ್ನು ಪಂಚಾಯ್ತಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿತ್ತು. ಅದರ ಅವಧಿ ಮುಗಿಯುತ್ತಾ ಬಂದಿತ್ತು. ಮುಖ್ಯಾಧಿಕಾರಿಗಳು ಅದನ್ನು ತೆಗೆದು, ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಒಂದು ಕಂಪನಿಯ ಬಾಂಡಿನಲ್ಲಿ ಹಾಕಲು ಎಲ್ಲ ಕಾಗದ ಸಿದ್ಧಮಾಡಿಕೊಂಡಿದ್ದರು. ಅವರು ಮೈಸೂರು ಕಡೆಯವರು, ಮೆಲುಮಾತಿನವರು. “ನೋಡಿ ಮೇಡಂ, ಬಡ್ಡಿ ಜಾಸ್ತಿ ಸಿಗುತ್ತೆ. ಕಡಿಮೆ ಬಡ್ಡಿಗೆ ಯಾಕೆ ಬಿಟ್ರಿ ಅಂತ ಆಡಿಟ್‌ನೋರು ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ” ಎಂದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಂದು ಮನೆಯ ಮಹಡಿ ಮೇಲಿನ ಒಂದೇ ಕೋಣೆಯ ಸಂಸ್ಥೆ. ಅದನ್ನು ನಡೆಸುವವರು ನಿವೃತ್ತರಾದ ಒಬ್ಬ ಮೇಷ್ಟ್ರು; ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಊರೂರು ಓಡಾಡುವವಳು ನಾನು. ಜನರ ಹಣ ಕಲ್ಲಿದ್ದಲು, ಎಣ್ಣೆಯ ಉದ್ಯಮಕ್ಕೆ ಹೋಗಬಾರದೆಂದು ಸ್ಥಳೀಯ ಸಂಸ್ಥೆಗಳಿಂದ ಠರಾವು ಮಾಡಿಸುವುದು ನಾವು ಹಿಡಿದಿದ್ದ ಕೆಲಸ. ಎಲ್ಲಿಯೂ ಒಂದೂ ಆಗಿರಲಿಲ್ಲ. ಒಂದು ಆದರೆ ಅದನ್ನು ಹಿಡಿದುಕೊಂಡು ಮುಂದಿನ ಊರಿಗೆ ಹೋಗಬಹುದು. ಇದೂ ಆಗದಿದ್ದರೆ ಕೈಬಿಡುವುದೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು.

ಮೊದಲ ದಿನವೇ ಎಡವಿದ್ದೆ. ನಾನು ಒಯ್ದ ಕರಪತ್ರದಲ್ಲಿ ‘ಬಂಡವಾಳ ಹಿಂತೆಗೆತ’, ‘ಪಳೆಯುಳಿಕೆ ಇಂಧನ’ ಎಂದೆಲ್ಲ ಇತ್ತು. ಪಂಚಾಯ್ತಿ ಕಚೇರಿಯ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಏಳನೇ ವಾರ್ಡಿನ ಸದಸ್ಯೆಯ ಗಂಡ ಅವರು. ಸದಸ್ಯೆ ಹೆಂಡತಿಯಾದರೂ ಕಚೇರಿಗೆ ಬರುವವರು, ಮಾತಾಡುವವರು ಇವರೇ. ಇವರಿಗೆ ಎರಡು ಬೂದಿ ಟ್ಯಾಂಕರುಗಳಿದ್ದವು. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಸಿಮೆಂಟ್ ಕಾರ್ಖಾನೆಗೆ ಸಾಗಿಸುವ ಟ್ಯಾಂಕರುಗಳು.

“ಏ, ಇವ್ರು ಪ್ಲಾಂಟ್ ಬಂದ್ ಮಾಡ್ಸಾಕ ಬಂದಾರಪ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. “ಕರೆಂಟ್ ಬ್ಯಾಡೇನ್ರೀ ನಿಮಗ? ತಲಿ ಮ್ಯಾಲ ತಿರಗಾಕತ್ತೈತಲ್ಲ ಫ್ಯಾನು, ಅದು ಎಲ್ಲಿಂದ ಬಂತು? ಆರಿಸ್ಲೇನು?” ಎದ್ದು ಹೋಗಿ ಆರಿಸಿಯೇಬಿಟ್ಟರು. ಎಲ್ಲರೂ ನಕ್ಕರು.

ಆಗ ನಾನೊಂದು ಚುರುಕಾದ ಉತ್ತರ ಕೊಟ್ಟೆನೆಂದು ನನಗೆ ನೆನಪು. ನೋಟ್‌ಬುಕ್ಕಿನಲ್ಲಿ ಇದೆ: ‘ಕರಪತ್ರ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.’

ಕರಪತ್ರ ಬಿಟ್ಟು ಒಂದು ಪುಟದ ಅರ್ಜಿ ಬರೆದೆ. ಎರಡೇ ಬೇಡಿಕೆ. ಒಂದು, ಈ ಠೇವಣಿಯನ್ನು ಕಲ್ಲಿದ್ದಲು ಕಂಪನಿಯ ಬಾಂಡಿಗೆ ಹಾಕದೆ ಬ್ಯಾಂಕಿನಲ್ಲೇ ಒಂದು ವರ್ಷಕ್ಕೆ ಮುಂದುವರಿಸಬೇಕು. ಎರಡು, ಇನ್ನು ಮುಂದೆ ಪಂಚಾಯ್ತಿಯ ಯಾವ ಹಣವೂ ಕಲ್ಲಿದ್ದಲು, ಎಣ್ಣೆಯ ಕಂಪನಿಗಳಿಗೆ ಹೋಗಬಾರದು. ಬಂದ ಕಾಗದ ದಾಖಲಿಸಿಕೊಳ್ಳುವ ಆವಕದ ಟೇಬಲ್ಲಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ನಾಲ್ಕು ಸಲ ಅಲೆದ ಮೇಲೆ ಅದು ಸೋಮವಾರದ ಸಾಮಾನ್ಯ ಸಭೆಯ ಕೊನೆಯ ವಿಷಯವಾಯಿತು.

ಆ ಸಭೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಬಂದ ಸದಸ್ಯರು ಮೊದಲೇ ನಡವಳಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಆಮೇಲೆ ಮಾತು, ಜಗಳ, ಊಟ. ಏನು ತೀರ್ಮಾನವಾಯಿತೆಂದು ಪುಸ್ತಕದ ಖಾಲಿ ಹಾಳೆಗಳಲ್ಲಿ ಗುಮಾಸ್ತ ಬರೆಯುವುದು ಒಂದೆರಡು ದಿನ ಬಿಟ್ಟು. ಅಷ್ಟು ಹೊತ್ತಿಗೆ ಸಹಿಗಳಂತೂ ಇದ್ದೇ ಇರುತ್ತವೆ.

ಸೋಮವಾರ, ಎಂಟು ದಿನಕ್ಕೊಮ್ಮೆ ಬರುವ ನಲ್ಲಿ ನೀರಿನ ಜಗಳದಲ್ಲೇ ಎರಡು ತಾಸು ಹೋಯಿತು. ನಮ್ಮ ವಿಷಯ ಬಂದಾಗ ಎಲ್ಲರಿಗೂ ಹಸಿವು. ಅಧ್ಯಕ್ಷರು ಓದಿದರು. ಜೀನ್ಸ್ ಹೊಲಿಯುವ ಘಟಕ ನಡೆಸುವ ಒಬ್ಬ ಸದಸ್ಯರು, “ಇದ್ರಾಗ ತಪ್ಪೇನೈತ್ರಿ? ಛಲೋನ ಐತಿ” ಎಂದರು. ಹಿಂದಿನ ಬೆಂಚಿನಿಂದ ಟ್ಯಾಂಕರ್ ಮಾಲೀಕರು, “ನಿನಗೇನು ಗೊತ್ತಲೇ ಬೂದಿ ಬೆಲಿ!” ಎಂದು ಕೂಗಿದರು. ಅವರಿಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಮಾತು ಎಲ್ಲಿಂದೆಲ್ಲಿಗೋ ಹೋಗಿ, ಅಧ್ಯಕ್ಷರು ಎದ್ದರು. ಅಷ್ಟೇ.

ಮಂಗಳವಾರ ಮುಖ್ಯಾಧಿಕಾರಿಗಳನ್ನು ಕಂಡೆ. ಠೇವಣಿ ಮುಗಿಯುವುದು ಮುಂದಿನ ವಾರದ ಗುರುವಾರ. ಅಷ್ಟರೊಳಗೆ ಸದಸ್ಯರಿಂದ ಬೇರೆ ಠರಾವು ಬರದಿದ್ದರೆ, ಹಣ ತೊಡಗಿಸುವ ಅಧಿಕಾರ ತಮಗೆ ಹಿಂದೆಯೇ ಕೊಟ್ಟಿರುವುದರಿಂದ, ಬಾಂಡಿನ ಅರ್ಜಿ ಕಳಿಸುವುದಾಗಿ ಹೇಳಿದರು. ಹೊರಗೆ ಬಂದಾಗ ಗುಮಾಸ್ತರು ಕೈ ಮಾಡಿ ಕರೆದರು.

“ಮೇಡಮ್ಮಾರ, ನಿನ್ನಿ ನೀವು ಬರಕೊಳ್ಳಾಕತ್ತಿದ್ರಿ ಅಲ್ರಿ? ನಿಮ್ಮ ವಿಷಯದಾಗ ಏನಾತು? ನಾನು ಊಟದ ಕಡಿ ಹೋಗಿದ್ನಿ, ಪಲ್ಯ ಕಮ್ಮಿ ಬಿದ್ದಿತ್ತು.”

“ಏನಾಯಿತು ಅಂದ್ರೆ...”

“ಯಾರೂ ಬ್ಯಾಡ ಅಂತ ಅಂದಿಲ್ಲಂತಲ್ಲ. ಒಂದು ಹಾಳಿ ಮ್ಯಾಲ ನೀಟಾಗಿ ಬರದು ಕೊಡ್ರಿ. ನಿಮ್ಮ ಕನ್ನಡ ಛಂದ ಇರತೈತಿ. ನಾನು ಹಂಗs ಇಳಿಸಿಬಿಡ್ತೀನಿ.”

ಅವರಿಗೆ ಇದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಅರ್ಜಿ ಕೊಟ್ಟವರೇ ಠರಾವಿನ ಮಾತು ಬರೆದುಕೊಡುವುದು ಅಲ್ಲಿ ರೂಢಿ. ರಸ್ತೆ ಗುತ್ತಿಗೆದಾರರೂ ಹಾಗೆಯೇ ಮಾಡುತ್ತಾರೆಂದು ಅವರೇ ಹೇಳಿದರು. ಒಂದು ಬಿಳಿ ಹಾಳೆ ಕೊಟ್ಟು, ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟರು.

ನಾನು ಬರೆದೆ. ‘ಸಭೆಯು ಸವಿಸ್ತಾರವಾಗಿ ಚರ್ಚಿಸಿ, ಸರ್ವಾನುಮತದಿಂದ ತೀರ್ಮಾನಿಸಿತು.’ ಮುಂದೆ ನಮ್ಮ ಎರಡೂ ಬೇಡಿಕೆಗಳು. ಬರೆದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ, ಹಾಳೆ ಇನ್ನೂ ನನ್ನಲ್ಲಿದೆ, ಅಕ್ಷರಗಳು ಬಹಳ ಚೆನ್ನಾಗಿವೆ. ಬರೆಯುತ್ತಿದ್ದಾಗಲೇ ಅಧ್ಯಕ್ಷರು ತಲೆಯಾಡಿಸಿದ್ದು ನೆನಪಾಗತೊಡಗಿತು.

ಹಾಳೆ ಕೊಡುವ ಮೊದಲು ವರಾಂಡದಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರು, “ಕೊಟ್ಟುಬಿಡು. ಎದುರಿನವರು ದಿನಾ ಮಾಡೋದು ಅದನ್ನೇ. ಒಂದು ಊರು ಸಿಕ್ಕರೆ ಇಪ್ಪತ್ತು ಊರು ಸಿಗುತ್ತವೆ” ಎಂದರು. ನನ್ನ ಬದುಕಿನಲ್ಲಿ ಅವರಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಅವರು ಹಾಗೆಂದದ್ದಕ್ಕೆ ನನಗೆ ಹೆದರಿಕೆಯಾಯಿತು.

ಒಳಗೆ ಹೋಗಿ ಪುಸ್ತಕ ತೋರಿಸಿ ಎಂದೆ. ಸಹಿಗಳು ಸಾಲಾಗಿದ್ದವು. ಏಳನೇ ವಾರ್ಡಿನ ಎದುರು ಸದಸ್ಯೆಯ ಹೆಸರಿನಲ್ಲಿ ಒಂದು ದುಂಡನೆಯ ಸಹಿ. ಆ ಹೆಂಗಸು ಸಭೆಗೆ ಬಂದೇ ಇರಲಿಲ್ಲ. ಬಂದವರು ಹಿಂದಿನ ಬೆಂಚಿನಲ್ಲಿ ಕೂಗಾಡಿದ ಗಂಡ. ನಾನು ಸಲ್ಲಿಸಲಿದ್ದ ‘ಸರ್ವಾನುಮತ’ದೊಳಗೆ ನಮ್ಮ ಕಡು ವಿರೋಧಿಯೇ ತನ್ನ ಹೆಂಡತಿಯ ಹೆಸರಿನಲ್ಲಿ ಹಾಕಿದ ಸಹಿಯೂ ಸೇರುತ್ತಿತ್ತು.

ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, “ಅದರ ಮೇಲೆ ನಿರ್ಣಯ ಆಗಲಿಲ್ಲ, ಹಾಗೇ ಬರೀರಿ” ಎಂದೆ.

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು. “ಮತ್ತ ಇಷ್ಟು ದಿನ ಯಾಕ ತಿರಿಗ್ಯಾಡಿದ್ರಿ?”

ನಾನು ಆವತ್ತು ಪ್ರಾಮಾಣಿಕಳಾಗಿದ್ದೆ ಎಂದು ಬರೆದುಕೊಳ್ಳಲು ಆಸೆ. ಆದರೆ ಆ ಸುಳ್ಳು ಸಹಿಯ ಬಗ್ಗೆ ಮುಖ್ಯಾಧಿಕಾರಿಗಳಿಗೆ ಹೇಳಲಿಲ್ಲ. ಹೇಳಿದರೆ ಗಲಾಟೆಯಾಗಿ ನಮ್ಮ ವಿಷಯ ಮುಳುಗುತ್ತದೆ ಎಂಬ ಲೆಕ್ಕ ತಲೆಯಲ್ಲಿತ್ತು.

ಉಳಿದ ದಾರಿ ವಿಶೇಷ ಸಭೆ. ಸದಸ್ಯರಲ್ಲಿ ಮೂರನೇ ಒಂದು ಭಾಗ, ಅಂದರೆ ಐದು ಜನ ಸಹಿ ಮಾಡಿ ಕೇಳಿದರೆ ಅಧ್ಯಕ್ಷರು ಕರೆಯಬೇಕು; ಮೂರು ದಿನ ಮೊದಲು ನೋಟಿಸು ಹೋಗಬೇಕು. ಗುರುವಾರದೊಳಗೆ ಸಭೆ ಆಗಬೇಕೆಂದರೆ ಶುಕ್ರವಾರ ಸಂಜೆ ಆವಕದ ಟೇಬಲ್ ಮುಚ್ಚುವುದರೊಳಗೆ ಕಾಗದ ಸೇರಬೇಕು. ಬುಧವಾರ ಜೀನ್ಸ್ ಘಟಕದವರು ಮೊದಲ ಸಹಿ ಹಾಕಿದರು, ತಮ್ಮ ಜೊತೆ ಇನ್ನಿಬ್ಬರನ್ನು ಒಪ್ಪಿಸಿದರು. ಗುರುವಾರ ಪೂರ್ತಿ ಅಲೆದು ನಾಲ್ಕನೆಯದು ಸಿಕ್ಕಿತು. ಐದನೆಯದಕ್ಕೆ ಯಾರೂ ಇರಲಿಲ್ಲ. ಒಬ್ಬರು ತೆಕ್ಕಲಕೋಟೆಯ ಬೀಗರ ಮನೆಗೆ ಹೋಗಿದ್ದರು, ಇಬ್ಬರು ಫೋನ್ ಎತ್ತಲಿಲ್ಲ, ಮಿಕ್ಕವರು ಅಧ್ಯಕ್ಷರ ಕಡೆಯವರು. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಏಳನೇ ವಾರ್ಡಿನ ಸದಸ್ಯೆಯನ್ನು ಹುಡುಕಿಕೊಂಡು ಊರ ಹೊರಗಿನ ಮೆಣಸಿನಕಾಯಿ ಕಣಕ್ಕೆ ಹೋದೆ. ಗಂಡ ಲೋಡಿನ ಮೇಲೆ ಹೋಗಿದ್ದಾರೆಂದು ಕೇಳಿ ತಿಳಿದುಕೊಂಡೇ ಹೋದೆ.

ಆಕೆ ಇತರ ಹೆಂಗಸರ ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ನನಗೆ ಸೀನಿನ ಮೇಲೆ ಸೀನು.

“ಸೀನ್ರಿ, ಸೀನ್ರಿ. ಸೀನಿದ ಮ್ಯಾಲ ಮಾತು” ಎಂದರು ಆಕೆ, ಕೈ ನಿಲ್ಲಿಸದೆ. “ಫ್ಯಾನ್ ಆರಿಸಿದ್ದು ನಿಮಗs ಏನು? ನಮ್ಮನಿಯಾಗ ಅದನ್ನ ಹೇಳಿ ಹೇಳಿ ನಕ್ಕಾರ.”

ನಾನು ಕಾಗದದ ವಿಷಯ ಹೇಳಿದೆ.

“ಸೋಮವಾರ ಮೀಟಿಂಗ್ ಆತೇನು?”

“ಆಯಿತು ಅಕ್ಕಾ. ಪುಸ್ತಕದಲ್ಲಿ ನಿಮ್ಮ ಸಹಿ ಇದೆ.”

ಆಗ ಮೊದಲ ಸಲ ಕೈ ನಿಂತಿತು. “ಹೆಂಗೈತಿ?”

“ಚೆನ್ನಾಗಿದೆ. ದುಂಡಗೆ.”

“ಹಂಗಾದ್ರ ನಂದಲ್ಲ ಬಿಡ್ರಿ” ಎಂದರು. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ.

ಬಾಂಡಿನ ಕಾಗದದ ನಕಲು ನನ್ನ ಚೀಲದಲ್ಲಿತ್ತು. ಓದಿ ಹೇಳ್ರಿ ಎಂದರು. ಕಂಪನಿ, ಬಡ್ಡಿ, ಕಂತು ಎಂದು ಓದುತ್ತಾ ಹೋದೆ. ಅವಧಿ ಐದು ವರ್ಷ, ಮಧ್ಯೆ ಹಿಂದಕ್ಕೆ ಪಡೆಯುವಂತಿಲ್ಲ ಎಂಬ ಸಾಲಿಗೆ ಆಕೆ ತಡೆದರು.

“ಐದು ವರ್ಷ ತಗಿಯಾಂಗಿಲ್ಲ? ಮತ್ತ ಮಳಿಗಿ ಹರಾಜು ಮಾಡಿದ ದಿನ ಆ ರೊಕ್ಕ ನೀರಿನ ಟ್ಯಾಂಕಿಗಂತ ಅಂದಿದ್ರಲ್ಲ? ನಾನು ಓಟು ಕೇಳಾಕ ಹೋದಾಗ ಮನಿ ಮನಿಗಿ ಅದನ್ನs ಹೇಳೀನಿ.”

ಆ ಸಾಲನ್ನು ನಾನು ಹತ್ತು ಸಲ ಓದಿದ್ದೆ. ಅದರ ಕೆಳಗೆ ಪೆನ್ಸಿಲಿನ ಗೆರೆಯನ್ನೂ ಎಳೆದಿದ್ದೆ. ಆದರೂ ಅದು ಇಂಥ ಒಂದು ಮಾತಾಗಬಹುದೆಂದು ಹೊಳೆದಿರಲಿಲ್ಲ. ನಾನು ಕಲ್ಲಿದ್ದಲಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಎಂಟು ದಿನಕ್ಕೊಮ್ಮೆ ಬರುವ ನೀರು ನನಗೆ ನಮ್ಮ ವಿಷಯವನ್ನು ತಡಮಾಡಿದ ಜಗಳವಾಗಿ ಮಾತ್ರ ಕಂಡಿತ್ತು.

ಆಮೇಲೆ ಆಕೆ ನೇರವಾಗಿ ಕೇಳಿದರು. “ನಿಜ ಹೇಳಬೇಕು. ಇದಕ್ಕ ಸೈನ್ ಮಾಡಿದ್ರ ನಮ್ಮ ಟ್ಯಾಂಕರ್ ನಿಲ್ತಾವೇನು?”

‘ಏನೂ ಆಗುವುದಿಲ್ಲ’ ಎನ್ನುವುದು ಸುಲಭವಿತ್ತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ಈ ಒಂದು ಠೇವಣಿಯಿಂದ ನಿಲ್ಲಲ್ಲ ಅಕ್ಕಾ. ಆದ್ರೆ ನಾವು ಬಯಸೋದು ಒಂದು ದಿನ ಕಲ್ಲಿದ್ದಲು ಸುಡೋದು ನಿಲ್ಲಲಿ ಅಂತಾನೇ. ಆವತ್ತು ಬೂದಿ ಇರಲ್ಲ. ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ.”

ಆಕೆ ಕೈಯಲ್ಲಿದ್ದ ಒಂದು ಹಿಡಿ ಕಾಯಿ ಬಿಡಿಸಿ ಮುಗಿಸಿದರು. ಸೆರಗಿಗೆ ಕೈ ಒರೆಸಿಕೊಂಡು, “ಕೊಡ್ರಿ ಪೆನ್ನು” ಎಂದರು. “ಮೀಟಿಂಗ್ ಕರೀರಿ ಅನ್ನಾಕ ಅಷ್ಟ ಇದು. ಕೈ ಎತ್ತೋದು ನನ್ನ ಮನಸಿಗಿ ಬಿಟ್ಟಿದ್ದು. ತಿಳೀತಿಲ್ಲೋ?” ಸಹಿ ಎಡಕ್ಕೆ ವಾಲಿತ್ತು, ಕೊನೆಯ ಅಕ್ಷರ ಸಾಲಿನಿಂದ ಕೆಳಗೆ ಇಳಿದಿತ್ತು. ಹಾಳೆಯ ಅಂಚಿಗೆ ಕೆಂಪು ಬೆರಳಿನ ಗುರುತು ಬಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಆವಕದ ಟೇಬಲ್ ಮುಟ್ಟಿದೆ. ಗುಮಾಸ್ತರು ಐದನೆಯ ಸಹಿ ನೋಡಿ, ನಡವಳಿ ಪುಸ್ತಕ ತೆಗೆದು ಹೋಲಿಸಿ, ಪುಸ್ತಕ ಮುಚ್ಚಿಟ್ಟರು. ಸೀಲು ಬಿತ್ತು.

ನಡುವಿನ ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ ಎಂದು ನೋಟ್‌ಬುಕ್ ಹೇಳುತ್ತದೆ. ಟ್ಯಾಂಕರ್ ಮಾಲೀಕರು ಎರಡು ಸಲ ಫೋನ್ ಮಾಡಿದರು. ಮೊದಲ ಸಲ ಬೈದರು. ಎರಡನೆಯ ಸಲ, “ನಮ್ಮನಿ ಮಂದೀನ ನನ್ನ ಮ್ಯಾಲ ಎತ್ತಿ ಕಟ್ಟೀರಿ. ಮೂರು ದಿನ ಆತು, ಮಾತಾಡವಲ್ಲಳು” ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಅದೇನೆಂದು ಬರೆದಿಟ್ಟಿಲ್ಲ, ಈಗ ಊಹಿಸಲಾರೆ.

ಬುಧವಾರ ಹನ್ನೊಂದಕ್ಕೆ ವಿಶೇಷ ಸಭೆ. ಹದಿನೈದರಲ್ಲಿ ಹದಿಮೂರು ಜನ ಬಂದರು. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಬಂದರು. ಗುಮಾಸ್ತರು ಅಭ್ಯಾಸದಂತೆ ಪುಸ್ತಕವನ್ನು ಗಂಡನ ಮುಂದೆ ಹಿಡಿದರು. ಅವರೂ ಅಭ್ಯಾಸದಂತೆ ಜೇಬಿನ ಪೆನ್ನಿಗೆ ಕೈ ಹಾಕಿದರು. ಆಕೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ವಿಶೇಷ ಸಭೆ, ಸದಸ್ಯರು ಮಾತ್ರ ಎಂದು ಮುಖ್ಯಾಧಿಕಾರಿಗಳು ಮೆಲ್ಲಗೆ ಹೇಳಿದ ಮೇಲೆ ಗಂಡ ವರಾಂಡಕ್ಕೆ ಹೋಗಿ ಕಿಟಕಿಯ ಹೊರಗೆ ನಿಂತರು. ಅರ್ಜಿ ಕೊಟ್ಟವಳೆಂದು ನನಗೆ ಬಾಗಿಲ ಬಳಿ ಒಂದು ಸ್ಟೂಲು ಸಿಕ್ಕಿತು.

ಮೊದಲ ಬೇಡಿಕೆ ಓದಿದರು. ಪರವಾಗಿ ಆರು ಕೈ. ವಿರೋಧವಾಗಿ ಆರು. ಆಕೆ ಯಾವುದಕ್ಕೂ ಎತ್ತಿರಲಿಲ್ಲ.

“ಏನವ್ವಾ, ನಿಂದು ಯಾವ ಕಡಿ?” ಎಂದರು ಅಧ್ಯಕ್ಷರು.

ಆಕೆ ಎದ್ದು ನಿಂತರು. ಮೇಜಿನ ಅಂಚು ಹಿಡಿದುಕೊಂಡಿದ್ದರು. “ಆ ರೊಕ್ಕ ಮಳಿಗಿ ಹರಾಜಿಂದು. ಟ್ಯಾಂಕ್ ಕಟ್ಟಸ್ತೀವಿ ಅಂತ ನೀವs ಅಂದಿದ್ರಿ, ಮೈಕ್ ಹಿಡಕೊಂಡು. ಈಗ ಐದು ವರ್ಷ ಕೀಲಿ ಹಾಕಿ ಇಡತೀವಿ ಅಂತೀರಿ. ಐದು ವರ್ಷ ನಮ್ಮ ಓಣಿಯಾಗ ಬಡ್ಡಿ ಕುಡೀಬೇಕೇನ್ರಿ? ಬಾಂಡ್ ಬ್ಯಾಡ. ಬ್ಯಾಂಕಿನಾಗ ಇರ್ಲಿ. ಮ್ಯಾಲಿನವ್ರ ಮಂಜೂರಿ ಬಂದ ದಿನ ತಗದು ಟ್ಯಾಂಕ್ ಕಟ್ರಿ.” ಕೈ ಎತ್ತಿದರು.

ಏಳು. ಮುಖ್ಯಾಧಿಕಾರಿಗಳು ಆಕೆಯ ಮಾತನ್ನೇ ಠರಾವಾಗಿ ಬರೆದುಕೊಂಡರು. ನಮ್ಮ ಅರ್ಜಿಯ ಕಾರಣವನ್ನು ಆಕೆ ಎತ್ತಿರಲೇ ಇಲ್ಲ.

ಎರಡನೆಯ ಬೇಡಿಕೆ: ಇನ್ನು ಮುಂದೆ ಎಂದೂ ಕಲ್ಲಿದ್ದಲಿಗೆ ಪಂಚಾಯ್ತಿಯ ಹಣವಿಲ್ಲ. ವಿರೋಧಿಸುವವರು ಕೈ ಎತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಆಕೆಯ ಕೈ. ನೇರವಾಗಿ, ಮೊಣಕೈ ಮಡಿಸದೆ. ಅದು ಬಿದ್ದುಹೋಯಿತು. ನಾಳೆ ಬೆಳಿಗ್ಗೆ ಹಣ ಕಲ್ಲಿದ್ದಲು ಕಂಪನಿಗೆ ಹೋಗುವುದಿಲ್ಲ. ಆದರೆ ಯಾಕೆ ಹೋಗುವುದಿಲ್ಲ ಎಂಬಲ್ಲಿ, ಆ ಪುಸ್ತಕದಲ್ಲಿ, ಕಲ್ಲಿದ್ದಲು ಎಂಬ ಪದವೇ ಇಲ್ಲ. ಮುಂದಿನ ಊರಿನವರಿಗೆ ತೋರಿಸಲು ನನ್ನ ಕೈಯಲ್ಲಿ ಇದ್ದದ್ದು ನೀರಿನ ಟ್ಯಾಂಕಿನ ಒಂದು ಠರಾವು.

ವರಾಂಡದಿಂದಲೇ ಮೇಷ್ಟ್ರಿಗೆ ಹೇಳಿದೆ. “ಅಂದರೆ ನಮ್ಮ ಠರಾವು ಆಯಿತೋ, ಇಲ್ಲವೋ?” ಎಂದರು. ಹಣ ಉಳಿಯಿತು, ಮಾತು ಉಳಿಯಲಿಲ್ಲ ಎಂದೆ. ಬಳ್ಳಾರಿಗೆ ಬಾ, ಕೂತು ಮಾತಾಡೋಣ ಎಂದು ಇಟ್ಟುಬಿಟ್ಟರು.

ಹೊರಗೆ ಆಕೆ ಚಪ್ಪಲಿ ಹುಡುಕುತ್ತಿದ್ದರು. ನನ್ನನ್ನು ನೋಡಿ, “ಸಿಟ್ಟು ಬಂತೇನು?” ಎಂದರು.

“ಬಂತು ಅಕ್ಕಾ. ಸ್ವಲ್ಪ.”

“ಬರ್ಬೇಕು. ನೀವು ನಿಜ ಹೇಳಿದ್ರಿ, ಅದಕ್ಕs ಎರಡನೇದಕ್ಕ ಬ್ಯಾಡಂದ್ನಿ. ಸುಳ್ಳು ಹೇಳಿದ್ರ ಎರಡಕ್ಕೂ ಕೈ ಎತ್ತತಿದ್ನೋ ಏನೋ.” ಚಪ್ಪಲಿ ಸಿಕ್ಕಿತು. “ಒಂದು ವರ್ಷಕ್ಕ ಇಟ್ಟೀವಲ್ಲ, ಮುಂದಿನ ಸಲ ಮುಗದಾಗ ಬರ್ರಿ. ಬರೀ ಕಾಗದ ಹಿಡಕೊಂಡು ಬರಬ್ಯಾಡ್ರಿ. ಬೂದಿ ಇಲ್ಲಂದ್ರ ಆ ಎರಡು ಗಾಡಿ ಏನು ಹೊರ್ಬೇಕು, ಅದನ್ನ ತಿಳಕೊಂಡು ಬರ್ರಿ. ಅವತ್ತು ನೀವು ಹೇಳಿದ ಮಾತು ಪುಸ್ತಕದಾಗ ನಾನs ಬರಸ್ತೀನಿ.”

ಗಂಡ ಆಗಲೇ ಬೈಕ್ ಚಾಲೂ ಮಾಡಿ ಬೇರೆ ಕಡೆ ನೋಡುತ್ತಾ ಕೂತಿದ್ದರು. ಹೋಗಿ ಅವರ ಮುಂದೆ ನಿಂತೆ. ಏನು ಕೇಳಬೇಕೆಂದು ಯೋಚಿಸಿರಲಿಲ್ಲ.

“ನಿಮ್ಮ ಟ್ಯಾಂಕರಿನಲ್ಲಿ ಬೂದಿ ಬಿಟ್ಟು ಬೇರೆ ಏನು ಸಾಗಿಸಬಹುದು?”

“ಎದಕ್ಕ ಕೇಳ್ತೀರಿ?” ಕಣ್ಣು ಕಿರಿದು ಮಾಡಿದರು. “ಇನ್ನೇನು ಬಂದ್ ಮಾಡ್ಸೋದು ಉಳದೈತಿ?”

“ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ.”

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಹಿಂದಿನ ಸೀಟಿನಲ್ಲಿ ಕೂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ಬೈಕ್ ಆರಿಸಿದರು.

“ಸಿಮೆಂಟ್ ಒಯ್ಯಬೌದು. ಸುಣ್ಣದ ಪುಡಿ ಒಯ್ಯಬೌದು, ಪೈಪ್ ಬದಲಿ ಮಾಡ್ಬೇಕು. ದೊಡ್ಡ ಮಿಲ್ಲಿನವ್ರು ಹಿಟ್ಟು ಒಯ್ತಾರ ಇಂಥಾದ್ರಾಗ, ಆದ್ರ ಅದಕ್ಕ ಹೊಸಾ ಗಾಡೀನ ಬೇಕು. ಬೂದಿ ತುಂಬಿದ್ದ ಟ್ಯಾಂಕರಿನಾಗ ತಂದ ಹಿಟ್ಟಿನ ರೊಟ್ಟಿ ನೀವು ತಿಂತೀರೇನು?”

ನಾನು ನೋಟ್‌ಬುಕ್ ತೆಗೆದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಪೈಪಿನ ಅಳತೆ ತಪ್ಪು ಬರೆದದ್ದನ್ನು ಬಗ್ಗಿ ನೋಡಿ ಅವರೇ ತಿದ್ದಿದರು.